300 ರೂಪಾಯಿ ಮೀಟರ್: ಎಲ್ಲಿ ನಂಬುತ್ತೇನೆ, ಎಲ್ಲಿ ಇಲ್ಲ

ದಾವಣಗೆರೆಯ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮಲ್ಟಿಮೀಟರ್ (ವೋಲ್ಟೇಜ್, ಕರೆಂಟ್ ಇತ್ಯಾದಿ ಅಳೆಯುವ ಮೀಟರ್) ಕೇಳಿದರೂ ಮೊದಲು ಕೌಂಟರಿಗೆ ಬರುವುದು ಡಿಟಿ-830ಡಿ. ಅಂಗೈ ಅಗಲದ ಡಬ್ಬಿ, ನಡುವೆ ದೊಡ್ಡ ತಿರುಗಣೆ, 200–300 ರೂಪಾಯಿ. "ಗ್ಯಾರಂಟಿ ಮಾತ್ರ ಕೇಳ್ಬೇಡಿ ಸರ್" ಅಂತ ಅಂಗಡಿಯವರು ಮೊದಲೇ ಹೇಳಿಬಿಡುತ್ತಾರೆ. ನಮ್ಮ ಮನೆಯ ಸಣ್ಣಪುಟ್ಟ ರಿಪೇರಿಗೆಲ್ಲ ನಾನು ವರ್ಷಗಳಿಂದ ಬಳಸುತ್ತಿರುವುದು ಇದನ್ನೇ. ಡಿಸಿ, ಅಂದರೆ ಬ್ಯಾಟರಿಯ ವೋಲ್ಟೇಜ್ ಅಳೆಯುವುದರಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮನೆ ಕರೆಂಟಿನ ವಿಷಯಕ್ಕೆ ಬಂದರೆ ನನ್ನ ಮಾತು ಬೇರೆ.

ನನ್ನ ಚಿಕ್ಕಪ್ಪನ ಮಗ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಅವನ ಹತ್ತಿರ ಒಳ್ಳೆ ಬೆಲೆಯ ಮೀಟರ್ ಇದೆ. ಎರಡನ್ನೂ ಒಂದೇ ಇನ್ವರ್ಟರ್ ಬ್ಯಾಟರಿಗೆ ಹಿಡಿದು ನೋಡಿದೆವು. ಅವನದರಲ್ಲಿ 12.64 ವೋಲ್ಟ್, ನನ್ನದರಲ್ಲಿ 12.61. "ಪರವಾಗಿಲ್ವಲ್ಲ ಅಣ್ಣಾ ಇದು" ಅಂದ. ಬ್ಯಾಟರಿ ತುಂಬಿದೆಯೋ ಇಲ್ಲವೋ ತಿಳಿಯಲು ಅಷ್ಟು ಸಾಕು. ಚಾರ್ಜಿಂಗ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟ ಮೇಲೆ 12.6ರಿಂದ 12.7 ತೋರಿಸಿದರೆ ಫುಲ್. 12ರ ಹತ್ತಿರ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ.

ಆದರೆ ಇದೇ ಮೀಟರ್ ಸುಳ್ಳು ಹೇಳುವ ಹೊತ್ತೂ ಇದೆ. ಒಳಗಿನ 9 ವೋಲ್ಟ್ ಬ್ಯಾಟರಿ ಸೊರಗಿದಾಗ. ಹಿಂದಿನ ಸ್ಕ್ರೂ ಬಿಚ್ಚಿದರೆ ಬೋರ್ಡಿನ ನಡುವೆ ಕಪ್ಪು ಅಂಟಿನ ಗುಡ್ಡೆ ಕಾಣುತ್ತದೆ. ಅದರೊಳಗಿರುವುದು ಐಸಿಎಲ್ 7106 ಎಂಬ ಹಳೆಯ ಐಸಿಯ (ಚಿಪ್ಪಿನ) ನಕಲು. ತಾನು ಅಳೆದದ್ದನ್ನು ಅದು ಒಂದು ಸ್ಥಿರ ವೋಲ್ಟೇಜಿಗೆ ಹೋಲಿಸಿ ಅಂಕಿ ತೋರಿಸುತ್ತದೆ. ಬ್ಯಾಟರಿ ತೀರಾ ಇಳಿದರೆ ಆ ಸ್ಥಿರ ವೋಲ್ಟೇಜೂ ಕುಸಿಯುತ್ತದೆ, ಪರದೆ ಮೇಲಿನ ಅಂಕಿ ಏರುತ್ತದೆ. ನಾವು ಅಳೆಯುತ್ತಿರುವ ಬ್ಯಾಟರಿ ಸತ್ತಿದ್ದರೂ ಚೆನ್ನಾಗಿರುವಂತೆ ಕಾಣುತ್ತದೆ. ಹಾಗಾಗಿ ಪರದೆಯಲ್ಲಿ ಬ್ಯಾಟರಿ ಗುರುತು ಬಂದ ಮೇಲೆ ನಾನು ಯಾವ ಅಂಕಿಯನ್ನೂ ನಂಬುವುದಿಲ್ಲ. ಕೆಲವು ಮೀಟರಿನಲ್ಲಿ ಆ ಗುರುತು ತಡವಾಗಿಯೇ ಬರುತ್ತದೆ. ಅದಕ್ಕೆ ಹೊಸ ಪೆನ್ಸಿಲ್ ಸೆಲ್ ಒಂದನ್ನು ಡಬ್ಬಿಯಲ್ಲೇ ಇಟ್ಟಿರುತ್ತೇನೆ. 1.5ರಿಂದ 1.6 ತೋರಿಸಿದರೆ ಸರಿ. 1.8 ಅಂದರೆ ಮೊದಲು ಮೀಟರಿನ ಬ್ಯಾಟರಿ ಬದಲಿಸಬೇಕು.

ಓಮ್, ಅಂದರೆ ಕರೆಂಟಿಗೆ ಇರುವ ತಡೆ ಅಳೆಯುವುದಕ್ಕೂ ಮನೆಯಲ್ಲೇ ಒಂದು ಪರೀಕ್ಷೆ ಇದೆ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತು, ಗುಂಡಿಯನ್ನು ಜಾಸ್ತಿ ಬಿಸಿಗೆ ತಿರುಗಿಸಿ, ಪ್ಲಗ್ಗಿನ ಎರಡು ಸಣ್ಣ ಪಿನ್ನಿಗೆ ಮೀಟರ್ ವೈರಿನ ಮೊನೆ ಹಿಡಿಯಿರಿ. ಮನೆ ವೋಲ್ಟೇಜ್ 230ರ ವರ್ಗವನ್ನು 1000ದಿಂದ ಭಾಗಿಸಿದರೆ ಸುಮಾರು 53 ಓಮ್. ಅದರ ಆಸುಪಾಸು ಬಂದರೆ ಮೀಟರೂ ಸರಿ, ಇಸ್ತ್ರಿ ಪೆಟ್ಟಿಗೆಯೂ ಸರಿ. 2000 ವ್ಯಾಟಿನ ಗೀಸರ್ ಕಾಯಿಲ್ ಆದರೆ 26ರ ಹತ್ತಿರ. ಎರಡು ಮೊನೆ ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆಯುವುದು ಮರೆಯಬೇಡಿ, ಅದು ವೈರಿನದ್ದೇ ಓಮ್. ಅಂಕಿ ಸುಮ್ನೆ ಕುಣಿಯುತ್ತಿದ್ದರೆ ತಿರುಗಣೆಯನ್ನು ಹಿಂದೆ ಮುಂದೆ ಹಲವು ಸಲ ತಿರುಗಿಸಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಈಗ ಎಸಿ, ಅಂದರೆ ಮನೆ ಕರೆಂಟ್. ಇನ್ವರ್ಟರ್ ಓಡುತ್ತಿರುವಾಗ ಸಾಕೆಟ್ಟಿನ ವೋಲ್ಟೇಜ್ ನೋಡಿ ಗಾಬರಿಯಾಗುವವರಿದ್ದಾರೆ. ಈ ಮೀಟರ್ ಸರಾಸರಿ ಅಳೆದು, ಮನೆ ಕರೆಂಟಿನಂತೆ ನುಣುಪಾಗಿ ಏರಿಳಿಯುವ ಸೈನ್ ವೇವ್ ಅಂತ ತಿಳಿದು ಲೆಕ್ಕ ಹಾಕುತ್ತದೆ. ಇನ್ವರ್ಟರಿನದು ಪೂರ್ತಿ ಸ್ಕ್ವೇರ್ (ಚೌಕಾಕಾರದ) ವೇವ್ ಆದರೆ ಸುಮಾರು ಶೇ. 11 ಜಾಸ್ತಿ ತೋರಿಸುತ್ತದೆ. ನಿಜಕ್ಕೂ 230 ಇದ್ದರೂ 255. ಅದು ಇನ್ವರ್ಟರಿನ ತಪ್ಪಲ್ಲ. ಇನ್ನೊಂದು ವಿಚಿತ್ರ: ತಿರುಗಣೆ ಎಸಿಯಲ್ಲಿಟ್ಟು 12 ವೋಲ್ಟ್ ಬ್ಯಾಟರಿಗೆ ಹಿಡಿದರೆ ಒಂದು ಕಡೆಯಿಂದ 26ರ ಹತ್ತಿರ, ಮೊನೆ ಅದಲುಬದಲು ಮಾಡಿದರೆ ಸೊನ್ನೆ. ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದೇ ಡಯೋಡ್ ಇರುವುದರಿಂದ ಹೀಗಾಗುತ್ತದೆ.

ಅಂಕಿಯ ತಪ್ಪಿಗಿಂತ ನನಗೆ ಭಯ ಇರುವುದು ವೈರಿನದ್ದು. ಜೊತೆಗೆ ಬರುವ ಕೆಂಪು-ಕಪ್ಪು ವೈರ್ ಒಂದನ್ನು ಕತ್ತರಿಸಿ ನೋಡಿದ್ದೇನೆ. ಕೂದಲೆಳೆಯಂಥ ನಾಲ್ಕಾರು ತಾಮ್ರದ ಎಳೆ, ಮೇಲೆ ಬರೀ ಪ್ಲಾಸ್ಟಿಕ್. ಆ ವೈರಿನ ಮೇಲೂ 1000 ವೋಲ್ಟ್ ಅಂತ ಅಚ್ಚಾಗಿರುತ್ತದೆ. ಮೀಟರ್ ಕೊಂಡ ದಿನವೇ ದಪ್ಪ ಸಿಲಿಕಾನ್ ವೈರಿನ ಜೋಡಿ ಕೊಂಡುಬಿಡಿ, ಅದು ಮೀಟರಿಗಿಂತ ದುಬಾರಿಯಾದರೂ ಸರಿ. ಇನ್ನು 10 ಆಂಪಿಯರ್ ತೂತಿಗೆ ಫ್ಯೂಸ್ ಇಲ್ಲ, ಡಬ್ಬಿಯ ಮೇಲೇ ಹಾಗಂತ ಬರೆದಿರುತ್ತದೆ. ಕೆಂಪು ವೈರ್ ಅಲ್ಲೇ ಉಳಿದು ಸಾಕೆಟ್ಟಿಗೆ ಮೊನೆ ಇಟ್ಟರೆ ಅದು ನೇರ ಶಾರ್ಟ್. ಹಾಗಾಗಿ ಸಾಕೆಟ್ ಮುಟ್ಟುವ ಮುಂಚೆ ಕಣ್ಣು ಮೊದಲು ಕೆಂಪು ವೈರ್ ಎಲ್ಲಿದೆ ಅಂತ ನೋಡುತ್ತದೆ, ಆಮೇಲೆ ತಿರುಗಣೆ.

ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಮೊದಲು ಕರೆಂಟ್ ಇರುವ ಸಾಕೆಟ್ಟಿನಲ್ಲಿ ನೋಡುತ್ತೇನೆ. ಆಮೇಲೆ ಕೆಲಸ ಮಾಡಬೇಕಾದ ಜಾಗ, ಮತ್ತೆ ಮೊದಲಿನ ಸಾಕೆಟ್. ನಡುವೆ ವೈರ್ ತುಂಡಾಗಿದ್ದರೂ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ, ಅಲ್ವಾ?

ಸಾಕೆಟ್ಟಿನಿಂದಾಚೆ ಈ ಮೀಟರನ್ನು ಒಯ್ಯುವುದಿಲ್ಲ. ಮೇನ್ ಬೋರ್ಡ್, ಕಂಬದಿಂದ ಬರುವ ಸರ್ವಿಸ್ ವೈರ್, ತೋಟದ ಬೋರ್‌ವೆಲ್ ಸ್ಟಾರ್ಟರಿನ ತ್ರೀ ಫೇಸ್, ಇವೆಲ್ಲ ಮೀಟರ್ ಸುರಕ್ಷತೆಯ ಲೆಕ್ಕದಲ್ಲಿ ಹೆಚ್ಚು ಅಪಾಯದ ಕ್ಯಾಟ್-3, ಕ್ಯಾಟ್-4 ದರ್ಜೆಯ ಜಾಗ. ಅಲ್ಲಿ ಶಾರ್ಟ್ ಆದರೆ ಹರಿಯುವ ಕರೆಂಟನ್ನು ಇದರ ಗಾಜಿನ ಫ್ಯೂಸ್ ತಡೆಯಲಾರದು. ಪಕ್ಕದ ಊರಿನವರು ಸ್ಟಾರ್ಟರ್ ನೋಡಲು ಕರೆದರೆ ವೈಂಡಿಂಗ್ ಅಂಗಡಿಯ ತಮ್ಮನಿಗೆ ಫೋನ್ ಮಾಡುತ್ತೇನೆ, ಅವನು ತನ್ನ ಮೀಟರ್ ತರುತ್ತಾನೆ.