ಮಳೆಗಾಲದಲ್ಲಿ ಸ್ಪ್ರೇ ಹೊಡೆಯುವ ಮುಂಚೆ

ಶಿರಸಿ ಕಡೆಯವರಿಗೆ ಗೊತ್ತೇ ಇದೆ, ಮಳೆ ಹಿಡಿದರೆ ವಾರಗಟ್ಟಲೆ ಕಿಟಕಿ ತೆರೆಯುವುದಿಲ್ಲ, ಆ ಮುಚ್ಚಿದ ಕೋಣೆಯಲ್ಲೇ ಡಿಯೋಡರೆಂಟ್, ಹೇರ್ ಸ್ಪ್ರೇ, ಮುಗ್ಗಲು ವಾಸನೆ ಹೋಗಲಿ ಅಂತ ರೂಮ್ ಫ್ರೆಶ್ನರ್ ಬೇರೆ. ನನ್ನ ಮಗಳಿಗೆ ಉಬ್ಬಸ ಇದೆ. ಕನ್ನಡಿ ಮುಂದೆ ನಾನು ಎರಡು ಸಲ ಸ್ಪ್ರೇ ಹೊಡೆದರೆ ಸಾಕು, ಮಂಚದ ಮೇಲೆ ಕೂತವಳು ಕೆಮ್ಮಲು ಶುರು ಮಾಡುತ್ತಿದ್ದಳು. ಪರಿಮಳ ಅಂದರೂ ಅದು ಗಾಳಿಗೆ ಸೇರುವ ರಾಸಾಯನಿಕವೇ ಅಲ್ವಾ? ಲಿಂಬೆ ಪರಿಮಳ ಕೊಡುವ ಲಿಮೊನೀನ್ ಗಾಳಿಯಲ್ಲಿನ ಓಝೋನ್ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಅನ್ನುವ, ಕಣ್ಣು ಗಂಟಲು ಉರಿಸುವ ಅನಿಲ ಕೂಡ ಹುಟ್ಟುತ್ತದೆ. ಈಗ ನಾನು ರೋಲ್ ಆನ್ ಹಚ್ಚುತ್ತೇನೆ, ಸ್ಪ್ರೇ ಬೇಕೇ ಬೇಕೆಂದರೆ ಜಗಲಿಗೆ ಹೋಗುತ್ತೇನೆ. ಪೌಡರನ್ನು ಮಕ್ಕಳ ಮುಖದ ಹತ್ತಿರ ಕೊಡವಬೇಡಿ. ಮಳೆ ಸ್ವಲ್ಪ ಹೊಳವಾದಾಗ ಎದುರುಬದುರಿನ ಕಿಟಕಿಗಳನ್ನು 10 ನಿಮಿಷ ತೆಗೆದಿಡಿ.