ಎರಡು ಚೌಕಗಳ ನಡುವಿನ ಕಥೆ: ಮಕ್ಕಳಿಗೆ ಗ್ರಾಫಿಕ್ ಕಾದಂಬರಿ, ಮಾಂಗಾ ಓದಿಸುವುದು ಹೇಗೆ?

ಒಂದು ಚೌಕದಲ್ಲಿ ಹುಡುಗನೊಬ್ಬ ಮೇಜಿನ ಅಂಚಿನಲ್ಲಿರುವ ಹೂದಾನಿಯ ಕಡೆ ಕೈ ಚಾಚಿದ್ದಾನೆ. ಪಕ್ಕದ ಚೌಕದಲ್ಲಿ ನೆಲದ ತುಂಬ ಚೂರುಗಳು. ಬಾಗಿಲಲ್ಲಿ ಅಮ್ಮ ನಿಂತಿದ್ದಾಳೆ. ಹೂದಾನಿ ಬಿದ್ದದ್ದನ್ನು ಯಾರೂ ಚಿತ್ರಿಸಿಲ್ಲ. ಆದರೂ ಓದುವ ಮಗುವಿಗೆ ಅದು ಒಡೆದ ಸದ್ದು ಕೇಳಿಸಿರುತ್ತದೆ. ಎರಡು ಚೌಕಗಳ ನಡುವಿನ ಆ ಸಣ್ಣ ಖಾಲಿ ಜಾಗದಲ್ಲಿ ಕಥೆ ಕಟ್ಟಿದ್ದು ಮಗುವೇ.

‘ಬರೀ ಚಿತ್ರ ನೋಡ್ತಾನೆ, ಓದೋದೇ ಇಲ್ಲ’ ಎಂದು ಕೊರಗುವ ಅಪ್ಪ ಅಮ್ಮಂದಿರಿಗೆ ನಾನು ಮೊದಲು ಹೇಳುವುದು ಇದನ್ನೇ. ಆ ಮಗು ಓದುತ್ತಿದೆ. ಮುಖ ನೋಡಿ ಮನಸ್ಸು ತಿಳಿಯುತ್ತಿದೆ, ಮಾತು ಕೇಳುತ್ತಿದೆ, ಹೇಳದೇ ಬಿಟ್ಟದ್ದನ್ನು ಊಹಿಸುತ್ತಿದೆ.

ಮೊದಲು ಪುಸ್ತಕದ ಮೇಲೆ ನಂಬಿಕೆ ಇಡಿ

ಕಾಮಿಕ್ಸ್ ಅಂದರೆ ನಿಜವಾದ ಓದಿಗೆ ಮುಂಚಿನ ಆಟ ಎಂಬ ಭಾವನೆ ದೊಡ್ಡವರಲ್ಲಿದ್ದರೆ ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತದೆ. ಯೆಹೂದಿಗಳ ಹತ್ಯಾಕಾಂಡದ ನೆನಪುಗಳನ್ನು ಹೇಳುವ, ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಎಂಬ ಗ್ರಾಫಿಕ್ ಕಾದಂಬರಿಗೆ, ಅಂದರೆ ಕಾಮಿಕ್ಸ್ ರೂಪದ ದೀರ್ಘ ಕಥೆಗೆ, 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ 2020ರಲ್ಲಿ ಮೊದಲ ಸಲ ಒಂದು ಗ್ರಾಫಿಕ್ ಕಾದಂಬರಿಗೆ ಹೋಯಿತು. ಇಷ್ಟು ಗಟ್ಟಿಯಾದ ಪ್ರಕಾರವನ್ನು ‘ಪಾಠ ಮುಗಿಸಿದರೆ ಕಾಮಿಕ್ಸ್ ಕೊಡ್ತೀನಿ’ ಎನ್ನುವ ಬಹುಮಾನದ ಮಟ್ಟಕ್ಕೆ ಇಳಿಸಬೇಡಿ.

ಆರಿಸುವಾಗ ಪೂರ್ತಿ ತಿರುವಿ ನೋಡಿ

ಚಿತ್ರ ಇದೆ ಅಂದ ಮಾತ್ರಕ್ಕೆ ಮಕ್ಕಳ ಪುಸ್ತಕ ಆಗುವುದಿಲ್ಲ. ‘ಮೌಸ್’ ಕೂಡ ಪುಟ್ಟ ಮಕ್ಕಳಿಗೆ ಕೊಡುವ ಪುಸ್ತಕವಲ್ಲ. ಮಾಂಗಾ ಅಂದರೆ ಜಪಾನಿನ ಕಾಮಿಕ್ಸ್. ಅಲ್ಲಿ ಅದನ್ನು ಓದುಗರ ಪ್ರಕಾರ ವಿಂಗಡಿಸುತ್ತಾರೆ. ಶೋನೆನ್ ಹುಡುಗರನ್ನು, ಶೋಜೊ ಹುಡುಗಿಯರನ್ನು, ಸೇನೆನ್ ಮತ್ತು ಜೋಸೆ ವಯಸ್ಕರನ್ನು ಮನಸ್ಸಿನಲ್ಲಿಟ್ಟು ಬರುವಂಥವು. ಈ ಹೆಸರುಗಳು ಒಂದು ಅಂದಾಜು ಕೊಡುತ್ತವೆ, ಅಷ್ಟೇ. ಶೋನೆನ್ ಅನ್ನಿಸಿಕೊಂಡದ್ದರಲ್ಲೂ ರಕ್ತಪಾತ ಜಾಸ್ತಿ ಇರಬಹುದು. ಹುಡುಗಿಯರು ಶೋನೆನ್ ಓದಬಾರದು ಅಂತಲೂ ಇಲ್ಲ. ಅನುವಾದಗಳ ಹಿಂಬದಿಯಲ್ಲಿ ಹೆಚ್ಚಾಗಿ ವಯಸ್ಸಿನ ಸೂಚನೆ ಇರುತ್ತದೆ. ಅದನ್ನು ನೋಡಿ, ಆಮೇಲೆ ನೀವೇ ಒಮ್ಮೆ ಓದಿ.

ವಿಷಯದ ಆಯ್ಕೆ ಮಾತ್ರ ಮಗುವಿನದೇ ಆಗಿರಲಿ. ಮಾಂಗಾ ಸರಣಿಗಳು ಹತ್ತಾರು ಸಂಪುಟಗಳವರೆಗೂ ಬೆಳೆಯುತ್ತವೆ. ಹಾಗಾಗಿ ಮೊದಲ ಸಂಪುಟವನ್ನು ಗ್ರಂಥಾಲಯದಿಂದ ತಂದು ನೋಡುವುದು ಒಳ್ಳೆಯದು.

ಪುಟದ ದಾರಿ ತೋರಿಸಿ

ಮಾಂಗಾ ಬಲದಿಂದ ಎಡಕ್ಕೆ ಓದುವಂಥದ್ದು. ಅನುವಾದಗಳಲ್ಲೂ ಹೆಚ್ಚಾಗಿ ಅದೇ ಕ್ರಮ ಉಳಿದಿರುತ್ತದೆ. ನಮಗೆ ಕೊನೆಯ ಪುಟ ಅನ್ನಿಸುವಲ್ಲಿ ಕಥೆ ಶುರುವಾಗುತ್ತದೆ. ಬಲಗಡೆ ಮೇಲಿನ ಮೂಲೆಯ ಚೌಕದಿಂದ ಎಡಕ್ಕೆ, ಆಮೇಲೆ ಕೆಳಕ್ಕೆ. ಮಾತಿನ ಗುಳ್ಳೆಗಳಿಗೂ ಇದೇ ಕ್ರಮ. ಮೊದಲ ಕೆಲವು ಪುಟಗಳಲ್ಲಿ ಬೆರಳಿಟ್ಟು ತೋರಿಸಿದರೆ ಸಾಕು, ಮುಂದಿನದನ್ನು ಮಗುವೇ ನೋಡಿಕೊಳ್ಳುತ್ತದೆ.

ಮೋಡದಂಥ ಗುಳ್ಳೆ ಕಂಡರೆ ಅದು ಮನಸ್ಸಿನ ಮಾತು. ಅಂಚು ಮುಳ್ಳುಮುಳ್ಳಾಗಿದ್ದರೆ ಕಿರುಚಾಟ. ಒಂದೇ ಚೌಕ ಇಡೀ ಪುಟ ತುಂಬಿದ್ದರೆ ‘ಇಲ್ಲಿ ಸ್ವಲ್ಪ ನಿಲ್ಲು’ ಎಂದು ಚಿತ್ರಕಾರ ಕೇಳಿಕೊಂಡ ಹಾಗೆ.

ಪಕ್ಕದಲ್ಲಿ ಕೂತು ಓದಿ

ಈ ಹೆಜ್ಜೆಗೆ ಸಮಯ ಬೇಕು. ಪಾತ್ರಗಳನ್ನು ಹಂಚಿಕೊಂಡು ಗಟ್ಟಿಯಾಗಿ ಓದಿ. ‘ಧಡಾರ್’, ‘ಸರ್ರನೆ’ ಎಂಬ ಸದ್ದುಗಳನ್ನು ಮಗುವಿಗೇ ಬಿಡಿ. ತೊದಲುತ್ತಾ ಓದುವ ಮಕ್ಕಳಿಗೂ ಗುಳ್ಳೆಯೊಳಗಿನ ಒಂದೆರಡು ಸಾಲು ಭಾರ ಅನ್ನಿಸುವುದಿಲ್ಲ.

ಒಮ್ಮೆ ನನ್ನ ಅಕ್ಕನ ಮಗಳು ಓದಿ ಮುಗಿಸುತ್ತಿದ್ದ ಹಾಗೇ ‘ಕಥೆಯ ಸಾರಾಂಶ ಹೇಳು’ ಅಂದಿದ್ದೆ. ಅವಳು ಪುಸ್ತಕ ಮಡಚಿ ಎದ್ದು ಹೋದಳು. ಈಗ ಒಂದೇ ಪ್ರಶ್ನೆ ಕೇಳುತ್ತೇನೆ: ‘ಈ ಚೌಕಕ್ಕೂ ಆ ಚೌಕಕ್ಕೂ ನಡುವೆ ಏನಾಯ್ತು?’ ಹೂದಾನಿಯ ಚಿತ್ರ ತೋರಿಸಿದರೆ ಒಂದು ಮಗು ‘ಕೈ ಜಾರಿತು’ ಅನ್ನಬಹುದು. ಇನ್ನೊಂದು ‘ಬೆಕ್ಕು ಹಾರಿತು, ನೋಡಿ ಮೂಲೆಯಲ್ಲಿ ಅದರ ಬಾಲ’ ಅನ್ನಬಹುದು. ದೊಡ್ಡವರ ಕಣ್ಣಿಗೆ ಆ ಬಾಲ ಬಿದ್ದೇ ಇರುವುದಿಲ್ಲ! ಎರಡನ್ನೂ ಕೇಳಿಸಿಕೊಳ್ಳಿ. ‘ಅದು ನಿನಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿ. ಉತ್ತರ ಹೇಳಲು ಮಗು ಪುಟವನ್ನು ಮತ್ತೆ ನೋಡುತ್ತದೆ. ಸಾಕ್ಷಿ ಹುಡುಕಿ ಓದುವ ಅಭ್ಯಾಸ ಅಲ್ಲಿಂದಲೇ ಶುರು, ಅಲ್ವಾ?

ಮಗು ಮೊದಲ ಸಲ ಚಿತ್ರಗಳ ಮೇಲೆ ಓಡಿಹೋದರೆ ತಡೆಯಬೇಡಿ. ಅದೇ ಪುಸ್ತಕವನ್ನು ನಾಲ್ಕನೇ ಸಲ ಓದಿದರೂ ಬೇಡ ಅನ್ನಬೇಡಿ. ಕಥೆ ಗೊತ್ತಾದ ಮೇಲೆಯೇ ಮಾತುಗಳ ಕಡೆ ಕಣ್ಣು ಹೋಗುವುದು.

ಹೊಸ ಪದಕ್ಕೆ ಓದು ನಿಲ್ಲಿಸಬೇಡಿ

ಜಪಾನಿನಲ್ಲಿ ಎಳೆಯರಿಗಾಗಿ ಬರುವ ಮಾಂಗಾಗಳಲ್ಲಿ ಚೀನೀ ಮೂಲದ ಕಾಂಜಿ ಅಕ್ಷರಗಳ ಪಕ್ಕದಲ್ಲೇ ಅವುಗಳ ಉಚ್ಚಾರಣೆಯನ್ನು ಸಣ್ಣದಾಗಿ ಅಚ್ಚು ಹಾಕಿರುತ್ತಾರೆ. ಅದಕ್ಕೆ ಫುರಿಗಾನ ಎಂದು ಹೆಸರು. ಶಾಲೆಯಲ್ಲಿ ಇನ್ನೂ ಕಲಿಯದ ಅಕ್ಷರವನ್ನೂ ಮಗು ಕಥೆಯ ನಡುವೆಯೇ ಓದಿಬಿಡುತ್ತದೆ. ಬೇರೆ ಭಾಷೆಗಳಲ್ಲಿ ಚಿತ್ರವೇ ಕೈಹಿಡಿಯುತ್ತದೆ. ‘ಹಿಂಜರಿಕೆ’ ಎಂಬ ಪದ ಗೊತ್ತಿಲ್ಲದಿದ್ದರೂ ಬಾಗಿಲ ಬಳಿ ಕಾಲು ಹಿಂದಿಟ್ಟು ನಿಂತ ಹುಡುಗಿಯನ್ನು ನೋಡಿದರೆ ಅರ್ಥ ಹೊಳೆಯುತ್ತದೆ. ನಿಘಂಟು ಆಮೇಲೆ ತೆಗೆದರಾಯಿತು.

ಬರೀ ಅಕ್ಷರದ ಪುಸ್ತಕ?

ಬಾಹ್ಯಾಕಾಶದ ಗ್ರಾಫಿಕ್ ಕಾದಂಬರಿ ಇಷ್ಟವಾಗಿದ್ದರೆ ಅದೇ ವಿಷಯದ ಒಂದು ಕಥೆಪುಸ್ತಕವನ್ನು ಕೈಗೆ ಸಿಗುವ ಹಾಗೆ ಇಟ್ಟುಬಿಡಿ. ಒತ್ತಾಯ ಬೇಡ.

ಕೊನೆಗೆ, ಮಗುವೇ ಒಂದು ಪುಟ ಮಾಡಲಿ

ಜಪಾನಿನಲ್ಲಿ ಯೊನ್‌ಕೋಮಾ ಎಂಬ ನಾಲ್ಕು ಚೌಕಗಳ ಕಾಮಿಕ್ಸ್ ಇದೆ. ಆರಂಭ, ಬೆಳವಣಿಗೆ, ತಿರುವು, ಮುಕ್ತಾಯ ಎಂದು ಒಂದೊಂದಕ್ಕೆ ಒಂದೊಂದು ಚೌಕ. ಕಾಗದವನ್ನು ನಾಲ್ಕು ಭಾಗ ಮಾಡಿ ಕೊಡಿ. ಕಡ್ಡಿಯಂಥ ಮನುಷ್ಯರನ್ನು ಬರೆದರೂ ಸಾಕು. ಬರೆದಾದ ಮೇಲೆ ಮೂರನೇ ಚೌಕವನ್ನು ಕೈಯಿಂದ ಮುಚ್ಚಿ, ಕಥೆ ಗೊತ್ತಿಲ್ಲದ ಯಾರಿಗಾದರೂ ತೋರಿಸಲು ಹೇಳಿ. ಅವರಿಗೆ ಕಥೆ ತಿಳಿದರೆ ಆ ಚೌಕ ಬೇಕಿರಲಿಲ್ಲ. ತಿಳಿಯದಿದ್ದರೆ ಮಗು ಎರಡನೆಯದಕ್ಕೆ ಏನು ಸೇರಿಸಲಿ ಎಂದು ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ. ಆಗ ರಬ್ಬರ್ ಕೈಗೆ ಕೊಟ್ಟು ನೀವು ಸ್ವಲ್ಪ ದೂರ ಹೋಗಿ ಕೂತುಕೊಳ್ಳಿ.