ಹೊಳೆ ಏರಿದರೂ ಕೆಡದ ಶೌಚದ ಗುಂಡಿ: ಮಲಪ್ರಭೆ ದಂಡೆಯಲ್ಲಿ ನನ್ನ ಅನುಭವ

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಲಪ್ರಭೆ ರಾಮದುರ್ಗ, ಬಾದಾಮಿ ತಾಲ್ಲೂಕಿನ ಊರುಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ನೀರು ಇಳಿದ ಮೇಲೆ ಓಣಿಗಳಲ್ಲಿ ಉಳಿದದ್ದನ್ನು ನೋಡಿದವರು ಕಡಿಮೆ.

ನಾನು ಈ ಭಾಗದಲ್ಲಿ ಶೌಚಾಲಯ ಕಟ್ಟುವ ಮೇಸ್ತ್ರಿ. ಆಗ ಕಂಡದ್ದು ಇಷ್ಟು: ಗೋಡೆ, ಬಾಗಿಲು, ತಗಡು ಎಲ್ಲಾ ನೆಟ್ಟಗಿದ್ದವು, ಗುಂಡಿಗಳು ಕೆಟ್ಟಿದ್ದವು. ಮುಚ್ಚಳ ಸರಿದು ಒಳಗಿನದೆಲ್ಲ ಮೇಲೆ ಬಂದು, ಅದೇ ನೀರು ಬೋರಿನ ಕಟ್ಟೆ ಸುತ್ತ ನಿಂತಿತ್ತು. ವಾಂತಿಭೇದಿ ಶುರುವಾಗಲು ಬೇರೆ ಕಾರಣ ಬೇಕಿಲ್ಲ. ಕೋಣೆಗೆ ಬಣ್ಣ ಬಳಿದು ಫೋಟೊ ತೆಗೆಯುತ್ತಾರೆ, ಗುಂಡಿಯನ್ನು ಯಾರೂ ಬಗ್ಗಿ ನೋಡುವುದಿಲ್ಲ. ರೋಗ ತಡೆಯುವುದು ಗುಂಡಿಯೇ.

ಅಂದಿನಿಂದ ನಮ್ಮ ಕೆಲಸ ಗೋಡೆಯ ಮೇಲಿನ ಕೆಸರಿನ ಗೆರೆಯಿಂದ ಶುರುವಾಗುತ್ತದೆ. ನೀರು ಎಲ್ಲಿವರೆಗೆ ಬಂದಿತ್ತೆಂದು ಓಣಿಯ ಹಿರಿಯರನ್ನು ಕೇಳಿ ಗುರುತು ಹಾಕುತ್ತೇವೆ. ಗುಂಡಿಯ ಮೇಲಂಚು ಆ ಗುರುತಿಗಿಂತ 30 ಸೆಂ.ಮೀ. ಎತ್ತರಕ್ಕಿರಬೇಕು. ಸುತ್ತಲೂ ಒಂದು ಮೀಟರ್ ಅಗಲಕ್ಕೆ, ಅಂಚಿನ ಮಟ್ಟದವರೆಗೆ ಗರಸು ಮಣ್ಣು ಹಾಕಿ, ಬಡಿದು ದಮ್ಮಸು ಮಾಡಬೇಕು. ದಮ್ಮಸು ಸಡಿಲಾದರೆ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ, ಹಾಗಾಗಿ ಒಂದೊಂದು ಪದರಕ್ಕೂ ನೀರು ಹಾಕಿ ಬಡಿಸುತ್ತೇನೆ.

ಗುಂಡಿ ಏರಿದರೆ ಕುಳಿತುಕೊಳ್ಳುವ ಜಾಗವೂ ಏರುತ್ತದೆ. ಒಬ್ಬ ಅಜ್ಜಿ ನೋಡಿದವರೇ, “ಇಷ್ಟ್ ಮೆಟ್ಲ ಹತ್ತಾಕ ನನ್ನ ಮೊಣಕಾಲ ಒಪ್ಪೂದಿಲ್ಲ ತಮ್ಮಾ, ನಾ ಬಯಲಿಗೇ ಹೋಗ್ತೀನಿ” ಅಂದರು. “ಹೋಗಬ್ಯಾಡ್ರಿ ಯವ್ವಾ, ಮೆಟ್ಲ ಸಣ್ಣವು ಮಾಡ್ತೀನಿ” ಅಂದು, ಗೇಣಿಗಿಂತ ಕಡಿಮೆ ಎತ್ತರದ ಅಗಲ ಮೆಟ್ಟಿಲು ಕಟ್ಟಿ, ಹಿಡಿಯಲು ಕಬ್ಬಿಣದ ಪೈಪು ನೆಟ್ಟೆ. ಈಗ ಎಲ್ಲಾ ಮನೆಗೂ ಅದೇ ಅಳತೆ.

ನಮ್ಮ ಎರೆ ಮಣ್ಣಿನದು ಇನ್ನೊಂದು ಕಷ್ಟ. ಮಳೆಯಲ್ಲಿ ಉಬ್ಬಿ ಗುಂಡಿಯ ಗೋಡೆಯನ್ನು ಒತ್ತುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ನೀರನ್ನು ಬೇಗ ಹೀರುವುದಿಲ್ಲ. ಅದಕ್ಕೆ ಇಟ್ಟಿಗೆ ಗೋಡೆಯ ಹೊರಗೆ ಸುತ್ತಲೂ ಒಂದಡಿ ದಪ್ಪ ಉಸುಕು, ಸಣ್ಣ ಜಲ್ಲಿ ತುಂಬಬೇಕು. ಅಂತರ್ಜಲ ತೀರಾ ಮೇಲಿರುವ ಕಡೆ ಗುಂಡಿಯ ತಳವನ್ನೇ ಮುಚ್ಚಿ, ಸುತ್ತಲಿನ ಉಸುಕನ್ನು ಅರ್ಧ ಮೀಟರ್‌ಗೆ ಹೆಚ್ಚಿಸುತ್ತೇವೆ. ಬಾವಿ, ಬೋರಿನಿಂದ 10 ಮೀಟರ್ ದೂರ ಬಿಡದೆ ನಾನು ಗುದ್ದಲಿ ಹಾಕುವುದಿಲ್ಲ, ಮನೆಯವರು ಎಷ್ಟೇ ಜಗಳ ಮಾಡಲಿ.

ಒಂದು ಶೌಚಾಲಯಕ್ಕೆ ಸರದಿಯಲ್ಲಿ ಬಳಸಲೆಂದು ತೋಡುವ ಜೋಡಿ ಗುಂಡಿಗಳನ್ನು ಒಟ್ಟಿಗೇ ತೆರೆದಿಡುವುದು ಊರೂರಲ್ಲಿ ಕಾಣುತ್ತದೆ. ಪೈಪು ಎರಡು ಗುಂಡಿಗೂ ಕವಲೊಡೆಯುವ ಚೇಂಬರಿನಲ್ಲಿ ಒಂದು ಬಾಯಿ ಮುಚ್ಚಿರಲೇಬೇಕು. ಒಂದು ತುಂಬಿದ ಮೇಲೆ ಅದನ್ನು ಬಿಟ್ಟು ಇನ್ನೊಂದಕ್ಕೆ ತಿರುಗಿಸಿದರೆ, ಒಂದೂವರೆ ಎರಡು ವರ್ಷದಲ್ಲಿ ಒಳಗಿನದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಹಸಿ ಮಲವನ್ನು ಯಾರ ಕೈಯಲ್ಲೂ ತೆಗೆಸುವ ಪ್ರಮೇಯ ಬರುವುದಿಲ್ಲ. ನಡುವೆ ಹೊಳೆ ನೀರು ಹೊಕ್ಕರೆ ಆ ಲೆಕ್ಕವನ್ನು ಮೊದಲಿನಿಂದ ಹಿಡಿಯುತ್ತೇನೆ.

ಬರ ಬಂದರೆ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದರು. ಕೊಡ ನೀರಿಗೆ ಪಾಳಿ ಹಚ್ಚುವ ಮನೆಯಲ್ಲಿ ಬಕೆಟ್ ಸುರಿಯುವ ಶೌಚಾಲಯ ನಡೆಯುವುದಿಲ್ಲ, ಜನ ಮತ್ತೆ ಬಯಲಿಗೆ ಹೋಗುತ್ತಾರೆ. ಕಡಿದಾದ ಇಳಿಜಾರಿನ ಗ್ರಾಮೀಣ ಪ್ಯಾನು, ಅದರ ಕೆಳಗೆ 20 ಮಿ.ಮೀ. ನೀರು ನಿಂತು ವಾಸನೆ ತಡೆಯುವ ಬಾಗಿದ ಕೊಳವೆ, ಅಂದರೆ ಟ್ರ್ಯಾಪು ಕೂಡಿಸಿದರೆ ಒಂದು ಸಲಕ್ಕೆ ಎರಡು ಲೀಟರ್ ಸಾಕು. ಅಂಗಡಿಯವರು ಹೊಳೆಯುವ ಪ್ಯಾನು ತೋರಿಸುತ್ತಾರೆ. ನಾನು ಇಳಿಜಾರನ್ನಷ್ಟೇ ನೋಡುತ್ತೇನೆ.

ಎದೆಮಟ್ಟ ನೀರು ಬರುವ ಓಣಿಯಲ್ಲಿ ಇದ್ಯಾವುದೂ ಸಾಲದು. ಅಲ್ಲಿಯವರಿಗೆ ಎತ್ತರದ ಜಾಗದಲ್ಲಿ ಸಾಮೂಹಿಕ ಶೌಚಾಲಯ, ಹೆಣ್ಣುಮಕ್ಕಳ ಸಾಲಿಗೆ ಬೇರೆ ದಾರಿ, ದೀಪ ಬೇಕೆಂದು ಗ್ರಾಮಸಭೆಯಲ್ಲಿ ಪಟ್ಟು ಹಿಡಿದೆವು.

ನೀರು ಇಳಿದ ಕೂಡಲೇ ಆಶಾ ಕಾರ್ಯಕರ್ತೆಯೂ ವಾಟರ್‌ಮ್ಯಾನೂ ಬೋರು ಬೋರಿಗೆ ಹೋಗಿ ಪರೀಕ್ಷೆಯ ಸಣ್ಣ ಬಾಟಲಿಗೆ ನೀರು ತುಂಬಿಡುತ್ತಾರೆ. ಒಂದೆರಡು ದಿನದಲ್ಲಿ ಅದು ಕಪ್ಪಾದರೆ ಮಲ ಬೆರೆತಿದೆ ಎಂದರ್ಥ. ಆ ಬೋರಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಮತ್ತೆ ಪರೀಕ್ಷಿಸಿ, ಬಣ್ಣ ತಿರುಗುವುದು ನಿಂತ ಮೇಲೆಯೇ ಕುಡಿಯಲು ಬಿಡುತ್ತೇವೆ. ಅಲ್ಲಿಯವರೆಗೆ ಕಾಯಿಸಿ ಆರಿಸಿದ ನೀರೇ.